ಮೆಮು ಟಿಕೆಟ್ಟಿನಲ್ಲಿ ಸೂಪರ್‌ಫಾಸ್ಟ್ ಹತ್ತಿದೆ. ಕಟ್ಟಿದ ದಂಡ ವಾಪಸ್ ಬರುತ್ತಾ?

ಪ್ರಶ್ನೆ: ಸರ್, ನಾನು ಮಂಡ್ಯದವನು. ಬೆಂಗಳೂರಿಗೆ ಹೋಗಲು ಮೊಬೈಲಿನಲ್ಲಿ ಆರ್ಡಿನರಿ ಟಿಕೆಟ್ ತೆಗೆದಿದ್ದೆ. ಆ ಟಿಕೆಟ್ ನಡೆಯುವ ಲೋಕಲ್ ಗಾಡಿ, ಮೆಮು, ತಡವಾಯಿತು. ಅಷ್ಟರಲ್ಲಿ ಮೈಸೂರು ಕಡೆಯಿಂದ ಇನ್ನೊಂದು ಗಾಡಿ ಬಂತು, ಜನರಲ್ ಬೋಗಿ ಹತ್ತಿಬಿಟ್ಟೆ. ಅದು ಸೂಪರ್‌ಫಾಸ್ಟ್ ಅಂತ ಟಿಸಿ ಹೇಳಿದಾಗಲೇ ಗೊತ್ತಾಗಿದ್ದು. ‘ಈ ಟಿಕೆಟ್ ನಡೆಯಲ್ಲ, ಟಿಕೆಟ್ ಇಲ್ಲ ಅಂತಲೇ ಲೆಕ್ಕ’ ಎಂದು ಮೈಸೂರಿನಿಂದ ಪೂರ್ತಿ ಚಾರ್ಜು, ಅದರ ಮೇಲೆ 250 ರೂ. ದಂಡ ಹಾಕಿದರು. ಕಟ್ಟದಿದ್ದರೆ ಜೈಲು ಅಂದರು. ಕಟ್ಟಿದ್ದೇನೆ, ರಶೀದಿ ಇದೆ. ಮೇಲ್ಮನವಿ ಹಾಕಬಹುದೇ?

ಉತ್ತರ: ಹಾಕಿ. ಆದರೆ 250 ರೂಪಾಯಿಯ ಆಸೆ ಬಿಟ್ಟು, ಮೈಸೂರಿನಿಂದ ಹಾಕಿದ ಚಾರ್ಜನ್ನು ಮಾತ್ರ ಹಿಡಿದು ಕೇಳಿ.

1989ರ ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ನೋಡಿ. ಅದರ ಮೊದಲ ಉಪವಿಧಿ ಸರಿಯಾದ ಟಿಕೆಟ್ ಇಲ್ಲದೆ ಹೋಗುವವರದ್ದು. ಅಂಥವರು ಪ್ರಯಾಣಿಸಿದಷ್ಟು ದೂರದ ಚಾರ್ಜು ಕೊಡಬೇಕು. ಎಲ್ಲಿ ಹತ್ತಿದರೆಂಬ ಅನುಮಾನವಿದ್ದರೆ ಮಾತ್ರ ಗಾಡಿ ಹೊರಟ ಸ್ಟೇಷನ್‌ನಿಂದ ಲೆಕ್ಕ. ಎರಡನೇ ಉಪವಿಧಿ ಟಿಕೆಟ್ ಇದ್ದೂ ಅದಕ್ಕಿಂತ ಮೇಲಿನ ದರ್ಜೆಯ ಬೋಗಿ ಅಥವಾ ಗಾಡಿ ಹತ್ತಿದವರದ್ದು. ಇವರು ಕೊಡಬೇಕಾದ್ದು ಎರಡು ಚಾರ್ಜುಗಳ ನಡುವಿನ ವ್ಯತ್ಯಾಸ, ಜೊತೆಗೆ ದಂಡ. ನನ್ನ ಪ್ರಕಾರ ನೀವು ಈ ಎರಡನೇ ಗುಂಪಿನವರು. ಮೊದಲನೆಯದಕ್ಕೇ ಸೇರಿಸುತ್ತೇವೆ ಅಂದರೂ, ಮಂಡ್ಯದಿಂದ ಅಂತ ಬರೆದ, ವೇಳೆಯೂ ನಮೂದಾದ ಟಿಕೆಟ್ ಕೈಯಲ್ಲಿರುವಾಗ ಮೈಸೂರಿನಲ್ಲಿ ಹತ್ತಿದಿರೆಂಬ ಅನುಮಾನಕ್ಕೆ ಬುಡವೇ ಇಲ್ಲ.

ದಂಡದ ಮಾತು ಬೇರೆ. ವ್ಯತ್ಯಾಸದಷ್ಟೇ ಮೊತ್ತ ಅಥವಾ 250 ರೂ., ಯಾವುದು ಹೆಚ್ಚೋ ಅದು ಎಂದು ಕಾಯ್ದೆಯೇ ಹೇಳುತ್ತದೆ. ವ್ಯತ್ಯಾಸ ಹತ್ತಿಪ್ಪತ್ತು ರೂಪಾಯಿ ಇದ್ದರೂ 250 ತಪ್ಪದು. ‘ಗೊತ್ತಿರಲಿಲ್ಲ’ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಮನವಿಯಲ್ಲಿ ಅದನ್ನು ಬರೆಯಲೇಬೇಡಿ, ಇರುವ ವಾದವೂ ಸಡಿಲವಾಗುತ್ತದೆ.

ಜೈಲಿನ ಮಾತು ಬರೀ ಬೆದರಿಕೆ. ಮೋಸ ಮಾಡುವ ಉದ್ದೇಶದಿಂದಲೇ ಹತ್ತಿದವರಿಗೆ 137ನೇ ಸೆಕ್ಷನ್ ಇದೆ: ಆರು ತಿಂಗಳವರೆಗೆ ಸಜೆ ಅಥವಾ 1,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮಂತೆ ಟಿಕೆಟ್ ತೋರಿಸಿದವರು ಕಟ್ಟಲು ನಿರಾಕರಿಸಿದರೆ, ವಸೂಲಿಗೆ ರೈಲ್ವೆಯವರು ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು. ಆಮೇಲಿನ ತೀರ್ಮಾನ ನ್ಯಾಯಾಲಯದ್ದು, ಟಿಸಿಯದ್ದಲ್ಲ. ಹಾಗಂತ ಗಾಡಿಯಲ್ಲಿ ಹಟ ಹಿಡಿಯಬೇಡಿ. ಕಟ್ಟಿ ರಶೀದಿ ಪಡೆದು ಒಳ್ಳೆಯ ಕೆಲಸ ಮಾಡಿದಿರಿ.

ಈಗ ರಶೀದಿಯ ಎರಡೂ ಬದಿಯ ಫೋಟೊ ತೆಗೆದಿಡಿ. ‘ಎಲ್ಲಿಂದ’ ಎಂಬಲ್ಲಿ ಮೈಸೂರು ಅಂತ ಇದೆಯೇ ನೋಡಿಕೊಳ್ಳಿ, ನಿಮ್ಮ ಇಡೀ ವಾದ ನಿಂತಿರುವುದು ಆ ಒಂದು ಪದದ ಮೇಲೆ. ಆ್ಯಪಿನಲ್ಲಿರುವ ಟಿಕೆಟ್‌ನ ಸ್ಕ್ರೀನ್‌ಶಾಟ್ ಕೂಡ ಬೇಕು. ಪ್ರಯಾಣಕ್ಕೆ ಸ್ಕ್ರೀನ್‌ಶಾಟ್ ನಡೆಯದು, ದೂರಿಗೆ ಧಾರಾಳವಾಗಿ ನಡೆಯುತ್ತದೆ. ಟಿಕೆಟ್ ಮೇಲಿರುವ ಯುಟಿಎಸ್ ನಂಬರ್ ಕೊಟ್ಟು ರೈಲ್ವೆಯ ದೂರು ತಾಣ ರೈಲ್‌ಮದದ್‌ನಲ್ಲಿ ಅಥವಾ ಸಹಾಯವಾಣಿ 139ಕ್ಕೆ ದೂರು ದಾಖಲಿಸಿ. ಜೊತೆಗೆ ರಶೀದಿ ಯಾವ ವಿಭಾಗದ್ದೋ ಆ ವಿಭಾಗದ ಹಿರಿಯ ವಾಣಿಜ್ಯ ವ್ಯವಸ್ಥಾಪಕರಿಗೆ ಒಂದು ಪುಟದ ಅರ್ಜಿ ಕಳಿಸಿ: ‘ನಾನು ಹತ್ತಿದ್ದು ಮಂಡ್ಯದಲ್ಲಿ, ಟಿಕೆಟ್ ಲಗತ್ತಿಸಿದೆ. 138(2)ರಂತೆ ವ್ಯತ್ಯಾಸ ಮತ್ತು 250 ರೂ. ಉಳಿಸಿಕೊಂಡು ಹೆಚ್ಚುವರಿ ಮೊತ್ತ ಮರಳಿಸಿ.’ ಟಿಸಿಯ ಮಾತಿನ ಧಾಟಿ, ನಿಮಗಾದ ಅವಮಾನ, ಇದ್ಯಾವುದೂ ಇದರಲ್ಲಿ ಬೇಡ. ಅದಕ್ಕೆ ಬೇರೆ ದೂರು ಕೊಡಿ.

ಗ್ರಾಹಕರ ಆಯೋಗಕ್ಕೆ ಹೋಗಲೇ ಎಂದು ಕೆಲವರು ಕೇಳುತ್ತಾರೆ. ಚಾರ್ಜು ಮರುಪಾವತಿಯ ತಕರಾರುಗಳಿಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಅಂತಲೇ ಒಂದಿದೆ, ಹೀಗಾಗಿ ಆಯೋಗದಲ್ಲಿ ಮೊದಲ ಜಗಳ ‘ಇದು ಇಲ್ಲಿಗೆ ಬರುತ್ತದೋ ಇಲ್ಲವೋ’ ಎಂಬುದರ ಮೇಲೇ ನಡೆಯಬಹುದು. ಇಷ್ಟು ಚಿಲ್ಲರೆ ಹಣಕ್ಕೆ ನಾನಂತೂ ಹೋಗೆನ್ನುವುದಿಲ್ಲ. ರಶೀದಿ ಕೊಡದೆ ಹಣ ಕಿತ್ತುಕೊಂಡಿದ್ದರೆ ಬೇರೆ ಮಾತು.

ಇನ್ನು ಮುಂದಕ್ಕೆ: ಗಾಡಿಯ ಐದಂಕಿಯ ನಂಬರ್ ನೋಡಿ. 12, 20 ಅಥವಾ 22ರಿಂದ ಶುರುವಾದರೆ ಸೂಪರ್‌ಫಾಸ್ಟ್. ಟಿಪ್ಪು ಅಂತ ಓಡುತ್ತಿದ್ದು 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆದ ಗಾಡಿ 12613. ಚಾಮುಂಡಿ 16215, ಸೂಪರ್‌ಫಾಸ್ಟ್ ಅಲ್ಲ. ಆದರೂ ಎಕ್ಸ್‌ಪ್ರೆಸ್ಸೇ, ಮೆಮು ಟಿಕೆಟ್ ಅದಕ್ಕೂ ಸಾಲದು. ತಿಂಗಳ ಪಾಸಿನವರೂ ಸೂಪರ್‌ಫಾಸ್ಟ್ ಹತ್ತುವುದಾದರೆ ಪಾಸಿಗೆ ಅದರ ಸರ್‌ಚಾರ್ಜ್ ಕಟ್ಟಿರಬೇಕು.

ಅವಸರದಲ್ಲಿ ಹತ್ತಲೇಬೇಕಾದರೆ ಅದೇ ಕಾಯ್ದೆಯ 55(2)ರ ಒಂದು ದಾರಿ ಇದೆ. ಮೊದಲೇ ಗಾರ್ಡ್‌ಗೆ ಹೇಳಿ ಚೀಟಿ ಬರೆಸಿಕೊಂಡರೆ ವ್ಯತ್ಯಾಸ ಕಟ್ಟಿದರೆ ಸಾಕು, ದಂಡ ಇಲ್ಲ. ಗಾರ್ಡ್ ಇರುವುದು ಕಟ್ಟಕಡೆಯಲ್ಲಿ, ಮಂಡ್ಯದಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲೇ ನಿಂತಿದ್ದರೆ ಮಾತ್ರ ಇದು ಆಗುವ ಕೆಲಸ.