ಉಳಿತಾಯಕ್ಕೆ ಬಡ್ಡಿಯೋ ಮೈಲುಗಳೋ: ಡಲ್ಲಾಸ್‌ಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಸದ್ಯಕ್ಕೆ ಬಡ್ಡಿಯನ್ನೇ ತೆಗೆದುಕೊಳ್ಳಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಮುಂದಿನ ವರ್ಷ ಬಡ್ಡಿದರ ಬದಲಾದಾಗ ಮತ್ತೆ ಇನ್ನೊಬ್ಬರನ್ನು ಕೇಳಬೇಕಾಗುತ್ತದೆ. ಆದ್ದರಿಂದ ಲೆಕ್ಕವನ್ನೂ ಬಿಡಿಸಿ ಹೇಳುತ್ತೇನೆ.

ನೀವು ಬರೆದದ್ದನ್ನು ಒಮ್ಮೆ ಜ್ಞಾಪಿಸುತ್ತೇನೆ. ದಾವಣಗೆರೆಯಿಂದ ಡಲ್ಲಾಸ್ ಪಕ್ಕದ ಇರ್ವಿಂಗ್‌ಗೆ ಬಂದು ವರ್ಷ ತುಂಬುತ್ತಿದೆ. ಎಚ್-1ಬಿ ವೀಸಾ, ಇನ್ನೂ ಮದುವೆಯಾಗಿಲ್ಲ, ಕೈಯಲ್ಲಿ 12,000 ಡಾಲರ್ ಉಳಿದಿದೆ. ಕಚೇರಿಯ ಗೆಳೆಯರೊಬ್ಬರು ‘ಬಡ್ಡಿಯ ಬದಲು ಅಮೆರಿಕನ್ ಏರ್‌ಲೈನ್ಸ್‌ನ ಮೈಲುಗಳನ್ನು ಕೊಡುವ ಬ್ಯಾಂಕ್ ಇದೆ, ಊರಿಗೆ ಪುಕ್ಕಟೆ ಹೋಗಿ ಬರಬಹುದು’ ಎಂದಿದ್ದಾರೆ. (ಮೈಲು ಎಂದರೆ ವಿಮಾನ ಕಂಪನಿ ಕೊಡುವ ಅಂಕ, ಕೂಡಿಸಿಟ್ಟರೆ ಟಿಕೆಟ್ ಪಡೆಯಬಹುದು.) ಇನ್ನೊಬ್ಬರು ನೂರಕ್ಕೆ ನಾಲ್ಕು ಬಡ್ಡಿ ಬರುವ ಆನ್‌ಲೈನ್ ಉಳಿತಾಯ ಖಾತೆ ತೋರಿಸಿದ್ದಾರೆ. ಊರಲ್ಲಿ ತಂದೆಯವರು ಎನ್‌ಆರ್‌ಇ ಠೇವಣಿ, ಅಂದರೆ ಅನಿವಾಸಿ ಭಾರತೀಯರು ಭಾರತದ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿ, ಇಡು ಎನ್ನುತ್ತಿದ್ದಾರೆ. ಮೂವರೂ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಅನುಮಾನವಿಲ್ಲ.

ಗೆಳೆಯರು ಹೇಳಿದ ಖಾತೆ ಮೋಸದ್ದಲ್ಲ. ಬಾಸ್ಕ್ ಬ್ಯಾಂಕ್ ಎಂಬ ಹೆಸರಿನಲ್ಲಿ ಅದನ್ನು 2020ರಿಂದ ನಡೆಸುತ್ತಿರುವುದು ನಮ್ಮ ಡಲ್ಲಾಸ್‌ನ ಟೆಕ್ಸಾಸ್ ಕ್ಯಾಪಿಟಲ್ ಬ್ಯಾಂಕ್. ಬ್ಯಾಂಕ್ ಮುಳುಗಿದರೂ ಠೇವಣಿ ಮರಳಿಸುವ ಸರ್ಕಾರದ ಎಫ್‌ಡಿಐಸಿ ವಿಮೆ ಇರುವುದರಿಂದ 2,50,000 ಡಾಲರ್‌ವರೆಗೆ ಅಸಲಿಗೆ ಭಯವಿಲ್ಲ. ಇಟ್ಟ ಪ್ರತಿ ಡಾಲರ್‌ಗೆ ವರ್ಷಕ್ಕೆ ಇಷ್ಟು ಮೈಲು ಎಂಬ ಲೆಕ್ಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಎಎಡ್ವಾಂಟೇಜ್ ಎಂಬ ಮೈಲು ಯೋಜನೆಯ ಖಾತೆಗೆ ತಿಂಗಳು ತಿಂಗಳು ಮೈಲುಗಳು ಬಂದು ಸೇರುತ್ತವೆ. ಆರಂಭದಲ್ಲಿ ಈ ದರ ಡಾಲರ್‌ಗೆ ಒಂದು ಮೈಲು ಇತ್ತು. ಬಡ್ಡಿದರಗಳು ಏರಿದಾಗ ಎರಡೂವರೆಗೂ ಹೋಗಿತ್ತು, ಆಮೇಲೆ ಇಳಿಯಿತು. ಕೆಳಗಿನ ಲೆಕ್ಕಕ್ಕೆ ಒಂದೂವರೆ ಎಂದು ಹಿಡಿದಿದ್ದೇನೆ. ನೀವು ಆ ದಿನದ ದರ ಹಾಕಿಕೊಂಡು ನೋಡಿ.

ನಿಮ್ಮ 12,000 ಡಾಲರ್‌ಗೆ ವರ್ಷಕ್ಕೆ 18,000 ಮೈಲು ಬರುತ್ತದೆ. ಅದೇ ಹಣಕ್ಕೆ ನಾಲ್ಕರ ಬಡ್ಡಿಯಲ್ಲಿ 480 ಡಾಲರ್. ಇನ್ನು ತೆರಿಗೆ. ನಿಮ್ಮ ಸಂಬಳಕ್ಕೆ ಶೇಕಡಾ 22ರ ಹಂತ ಎಂದುಕೊಳ್ಳೋಣ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೊಂದು ಪುಣ್ಯ. ಬಡ್ಡಿಯಲ್ಲಿ ತೆರಿಗೆ ಕಳೆದು ಕೈಗೆ ಉಳಿಯುವುದು ಸುಮಾರು 374 ಡಾಲರ್. ಮೈಲುಗಳಿಗೂ ತೆರಿಗೆ ಇದೆ ಎಂಬುದನ್ನು ನಿಮ್ಮ ಗೆಳೆಯರು ಹೇಳಿರಲಾರರು. ಬ್ಯಾಂಕ್ ಒಂದು ಮೈಲಿಗೆ 0.42 ಸೆಂಟ್ ಎಂದು ಬೆಲೆ ಕಟ್ಟಿ, ಬಡ್ಡಿ ಆದಾಯ ತಿಳಿಸುವ 1099-ಐಎನ್‌ಟಿ ಎಂಬ ತೆರಿಗೆ ನಮೂನೆ ಕಳಿಸುತ್ತದೆ. ಬಡ್ಡಿ ತೋರಿಸುವ ಅದೇ ಮೊದಲನೆಯ ಚೌಕದಲ್ಲಿ, ಕೈಗೆ ಒಂದು ಕಾಸೂ ಬಾರದ ನಿಮಗೆ, ಸುಮಾರು 76 ಡಾಲರ್ ಆದಾಯ ಎಂದು ಬರೆದಿರುತ್ತದೆ. ಅದರ ಮೇಲಿನ ತೆರಿಗೆ 17 ಡಾಲರ್ ಆಸುಪಾಸು, ಜೇಬಿನಿಂದ ಕಟ್ಟಬೇಕು.

ಅಂದರೆ 374 ಬಿಟ್ಟು, 17 ಕಟ್ಟಿ, ಒಟ್ಟು 391 ಡಾಲರ್ ತೆತ್ತು ನೀವು 18,000 ಮೈಲು ಕೊಂಡಂತಾಯಿತು. ಒಂದು ಮೈಲಿಗೆ 2.17 ಸೆಂಟ್. ಬೇರೆಯವರು ‘ಮೈಲುಗಳ ಬೆಲೆ ಇಷ್ಟು’ ಎಂದು ಹೇಳುವುದನ್ನೆಲ್ಲ ಬದಿಗಿಟ್ಟು ಈ ಒಂದು ಅಂಕಿಯನ್ನು ಹಿಡಿದುಕೊಳ್ಳಿ. ಇದು ನೀವು ಕೊಟ್ಟ ಬೆಲೆ. ಪುಕ್ಕಟೆ ಎಂಬ ಮಾತು ಇಲ್ಲಿಗೆ ಮುಗಿಯಿತು.

ಈಗ ಊರಿನ ಟಿಕೆಟ್. ಈ ಮೈಲುಗಳಿಂದ ಬೆಂಗಳೂರಿಗೆ ಹೋಗಲು ನಮ್ಮ ಕಡೆಯಿಂದ ಅನುಕೂಲದ ದಾರಿ ಅಮೆರಿಕನ್‌ನ ಜೊತೆಗಾರ ಕಂಪನಿಯಾದ ಕತಾರ್ ಏರ್‌ವೇಸ್. ಡಲ್ಲಾಸ್‌ನಿಂದ ದೋಹಾ, ದೋಹಾದಿಂದ ಕೆಂಪೇಗೌಡ ನಿಲ್ದಾಣ. ಬೆಲೆಪಟ್ಟಿಯ ಪ್ರಕಾರ ಸಾಮಾನ್ಯ ದರ್ಜೆಗೆ ಒಂದು ಕಡೆಗೆ 40,000 ಮೈಲು, ಬಿಸಿನೆಸ್ ದರ್ಜೆಗೆ 70,000. ಬ್ರಿಟಿಷ್ ಏರ್‌ವೇಸ್‌ನಲ್ಲಿ ಲಂಡನ್ ಮೇಲೆಯೂ ಹೋಗಬಹುದು, ಆದರೆ ಅಲ್ಲಿ ಮೈಲುಗಳ ಜೊತೆಗೆ ಸರ್‌ಚಾರ್ಜ್ ಎಂದು ನೂರಾರು ಡಾಲರ್ ಕೀಳುತ್ತಾರೆ. ಆ ದಾರಿ ನಿಮಗೆ ಬೇಡ. ನಮ್ಮವರು ಹೆಚ್ಚಾಗಿ ಹತ್ತುವ ಎಮಿರೇಟ್ಸ್, ಲುಫ್ತಾನ್ಸಾ, ಏರ್ ಇಂಡಿಯಾ ವಿಮಾನಗಳಲ್ಲಿ ಈ ಮೈಲುಗಳು ನಡೆಯುವುದೇ ಇಲ್ಲ.

ಹೋಗಿ ಬರಲು 80,000 ಮೈಲು ಬೇಕು. ನಿಮ್ಮ 2.17 ಸೆಂಟ್ ಲೆಕ್ಕದಲ್ಲಿ ಅದರ ಬೆಲೆ 1,700 ಡಾಲರ್ ದಾಟುತ್ತದೆ, ನಿಲ್ದಾಣದ ಶುಲ್ಕಗಳು ಬೇರೆ. ಜನಸಂದಣಿ ಇಲ್ಲದ ತಿಂಗಳಲ್ಲಿ ಮುಂಚಿತವಾಗಿ ಕೊಂಡರೆ ಅದೇ ದಾರಿಯ ಟಿಕೆಟ್ ಅದಕ್ಕಿಂತ ಕಡಿಮೆಗೆ ಸಿಗುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾಗಿ, ವರ್ಷಕ್ಕೆ 18,000ದಂತೆ 80,000 ಮೈಲು ಕೂಡಿಸಲು ನಿಮಗೆ ನಾಲ್ಕೂವರೆ ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ತಾಯಿಯ ಮುಖ ನೋಡದೆ ಇರುತ್ತೀರಾ?

‘ಬಿಸಿನೆಸ್ ದರ್ಜೆಯಲ್ಲಿ ಹೋದರೆ ಲಾಭ’ ಎಂದು ಮೈಲು ಕೂಡಿಸುವವರು ವಾದಿಸುತ್ತಾರೆ. ಅವರ ಲೆಕ್ಕದಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. 1,40,000 ಮೈಲಿಗೆ ನೀವು ಕೊಟ್ಟದ್ದು ಸುಮಾರು 3,000 ಡಾಲರ್. ಆ ಆಸನದ ಬೆಲೆ 5,000 ಇದ್ದರೆ 2,000 ಉಳಿಯಿತು ಎನ್ನುತ್ತಾರೆ. ನಾನು ಕೇಳುವುದು ಇಷ್ಟೇ: ಮೈಲುಗಳು ಇಲ್ಲದೇ ಹೋಗಿದ್ದರೆ ನೀವು ಆ 5,000 ಕೊಟ್ಟು ಮಲಗಿಕೊಂಡು ಹೋಗುತ್ತಿದ್ದಿರಾ? ಇಲ್ಲವಾದರೆ ಉಳಿತಾಯ ಎಲ್ಲಿಂದ ಬಂತು? ಕೂತು ಹೋಗುವ ಟಿಕೆಟ್‌ನ ಬೆಲೆಗೂ ಆ 3,000ಕ್ಕೂ ಇರುವ ವ್ಯತ್ಯಾಸವನ್ನು ನೀವು ಸುಖಕ್ಕಾಗಿ ಖರ್ಚು ಮಾಡಿದಿರಿ. ಮಾಡಬಾರದು ಎಂದಲ್ಲ. ಮಂಡಿನೋವಿನ ಅತ್ತೆಯವರನ್ನು ಇಲ್ಲಿಗೆ ಕರೆಸಿಕೊಂಡಾಗ ನಾವು ಅದನ್ನೇ ಮಾಡಿದೆವು. ನಮ್ಮ ಮೈಲುಗಳಿಂದ ಬೇರೆಯವರ ಹೆಸರಿಗೂ ಟಿಕೆಟ್ ತೆಗೆಯಬಹುದು. ಅವರು ದೋಹಾದಿಂದ ಡಲ್ಲಾಸ್‌ವರೆಗೆ ಕಾಲು ಚಾಚಿ ನಿದ್ದೆ ಮಾಡಿ, ಇಳಿದ ಕೂಡಲೇ ‘ಊಟಕ್ಕೆ ಬಿಳಿ ಬಟ್ಟೆ ಹಾಸಿದ್ದರು, ಆದರೆ ಸಾರು ಇರಲಿಲ್ಲ’ ಎಂದು ದೂರಿದರು. ಖರ್ಚನ್ನು ಖರ್ಚು ಎಂದೇ ಕರೆಯೋಣ ಎನ್ನುವುದಷ್ಟೇ ನನ್ನ ವಾದ.

ಇಷ್ಟೆಲ್ಲ ಹೇಳಿದ ಮೇಲೆ, ನಾನೇ ಕೆಲವು ವರ್ಷ ಆ ಮೈಲು ಖಾತೆಯಲ್ಲಿ ಹಣ ಇಟ್ಟಿದ್ದೆ ಎಂಬುದನ್ನೂ ಹೇಳಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ಬಡ್ಡಿದರವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿತು. ಒಳ್ಳೆಯ ಖಾತೆಗಳಲ್ಲೇ ಅರ್ಧ ಪರ್ಸೆಂಟ್ ಬಡ್ಡಿ. ಆಗ 12,000 ಡಾಲರ್‌ಗೆ ವರ್ಷಕ್ಕೆ 60 ಡಾಲರ್ ಬಡ್ಡಿ, ಇಲ್ಲವೇ 12,000 ಮೈಲು. ಒಂದು ಮೈಲು ಅರ್ಧ ಸೆಂಟಿಗೆ ಬಿತ್ತು. ಅರ್ಧ ಸೆಂಟಿಗೆ ಸಿಕ್ಕರೆ ಯಾರು ಬಿಡುತ್ತಾರೆ? 2022ರ ಮಾರ್ಚ್‌ನಿಂದ ಫೆಡ್ ದರ ಏರಿಸುತ್ತ ಬಂದು 2023ರ ಜುಲೈ ಹೊತ್ತಿಗೆ ಶೇಕಡಾ 5.25ರಿಂದ 5.50ಕ್ಕೆ ತಂದು ನಿಲ್ಲಿಸಿತು. ಅದಕ್ಕೂ ಮೊದಲೇ ನಾನು ಹಣವನ್ನು ಬಡ್ಡಿಯ ಕಡೆಗೆ ಸಾಗಿಸಿದ್ದೆ. ನಾಳೆ ಬಡ್ಡಿ ಎರಡಕ್ಕೆ ಇಳಿದು ಮೈಲಿನ ದರ ಒಂದೂವರೆಯಲ್ಲೇ ನಿಂತರೆ ಅದೇ ಲೆಕ್ಕದಲ್ಲಿ ಒಂದು ಮೈಲು 1.13 ಸೆಂಟಿಗೆ ಬೀಳುತ್ತದೆ. ಬೆಂಗಳೂರಿನ ಟಿಕೆಟ್ ಸುಮಾರು 900 ಡಾಲರ್‌ಗೆ ಬಂದಂತೆ. ಆಗ ನಾನೂ ಮರಳಿ ಯೋಚಿಸುತ್ತೇನೆ. ಆದರೆ ಬ್ಯಾಂಕಿನವರೂ ಲೆಕ್ಕ ಬಲ್ಲವರು, ಬಡ್ಡಿ ಇಳಿದರೆ ಮೈಲಿನ ದರವನ್ನೂ ಇಳಿಸುತ್ತಾರೆ.

ಲೆಕ್ಕಕ್ಕೆ ಸಿಗದ ಸಂಗತಿಯೊಂದಿದೆ. ಮೈಲು ಎಂದರೆ ಒಂದೇ ಅಂಗಡಿಯಲ್ಲಿ ನಡೆಯುವ ಚೀಟಿ, ಬೆಲೆ ಬರೆಯುವುದು ಅಂಗಡಿಯವನ ಇಷ್ಟ. ಎಎಡ್ವಾಂಟೇಜ್ 1981ರಿಂದ ಇರುವ ಗಟ್ಟಿ ಯೋಜನೆ, ಅದರ ಕಚೇರಿ ನಮ್ಮ ಪಕ್ಕದ ಫೋರ್ಟ್‌ವರ್ತ್‌ನಲ್ಲೇ ಇದೆ. ಆದರೂ 2016ರ ಮಾರ್ಚ್‌ನಲ್ಲಿ ಭಾರತದ ಕಡೆಯ ಮೊದಲ ದರ್ಜೆಯ ಟಿಕೆಟ್ 90,000 ಮೈಲಿನಿಂದ 1,15,000ಕ್ಕೆ ಏರಿತು. ಕಂಪನಿಯ ಸ್ವಂತ ವಿಮಾನಗಳಿಗಂತೂ ಈಗ ನಿಗದಿಯಾದ ಬೆಲೆಪಟ್ಟಿಯೇ ಇಲ್ಲ, ಆ ದಿನ ಪರದೆಯ ಮೇಲೆ ಕಂಡದ್ದೇ ಬೆಲೆ. ಎರಡು ವರ್ಷ ಖಾತೆಯಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಮೈಲುಗಳು ಕಳೆದುಹೋಗುತ್ತವೆ. ಅಂಗಡಿಯೇ ಮುಚ್ಚಿದರೆ? ಬೆಂಗಳೂರಿನಿಂದಲೇ ಮೇಲೆದ್ದ ಕಿಂಗ್‌ಫಿಷರ್ ನಿಮಗೆ ನೆನಪಿರಬಹುದು. ಇದೇ ಅಮೆರಿಕನ್ ಮತ್ತು ಕತಾರ್ ಇರುವ ಒನ್‌ವರ್ಲ್ಡ್ ಕೂಟಕ್ಕೆ ಅದು 2012ರ ಫೆಬ್ರವರಿಯಲ್ಲಿ ಸೇರಬೇಕಿತ್ತು. ಸೇರ್ಪಡೆ ತಡೆಯಾಯಿತು, ಅಕ್ಟೋಬರ್ ಹೊತ್ತಿಗೆ ವಿಮಾನಗಳೇ ನಿಂತವು. ಕಿಂಗ್ ಕ್ಲಬ್ ಮೈಲು ಕೂಡಿಟ್ಟಿದ್ದವರು ಅದನ್ನು ಹಿಡಿದುಕೊಂಡು ಹೋಗಲು ಒಂದು ಕೌಂಟರ್ ಕೂಡ ಉಳಿಯಲಿಲ್ಲ.

ಹೊಸದಾಗಿ ಬಂದ ನಿಮಗೆ ಇನ್ನೂ ಒಂದು ಕಾರಣಕ್ಕೆ ಬಡ್ಡಿಯೇ ಸರಿ. ಎಚ್-1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಅವಕಾಶ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ವಕೀಲರಿಗೆ ಕೊಡಬೇಕು, ಬಾಡಿಗೆ ಕಟ್ಟಬೇಕು. ಅಪಾರ್ಟ್‌ಮೆಂಟಿನ ಕಚೇರಿಯವರು ಮೈಲು ತೆಗೆದುಕೊಳ್ಳುವುದಿಲ್ಲ. ಖಾತೆಯ ಅಸಲು ಯಾವಾಗ ಬೇಕಾದರೂ ತೆಗೆಯಬಹುದು, ನಿಜ. ಆದರೆ ಅಷ್ಟು ದಿನ ಬಂದ ಫಲವೂ ಡಾಲರ್ ರೂಪದಲ್ಲೇ ಕೈಯಲ್ಲಿರಬೇಕಾದ ಕಾಲ ಇದು.

ಹಾಗಾದರೆ ಮೈಲುಗಳು ಬೇಡವೇ ಬೇಡವೇ ಎಂದರೆ, ಬೇಕು. ನಾಲ್ಕು ವರ್ಷದ ಹಿಂದೆ ಶಿವಮೊಗ್ಗದಿಂದ ತಮ್ಮ ಫೋನ್ ಮಾಡಿ ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಾಗ ಜೂನ್ ತಿಂಗಳು, ಮಕ್ಕಳ ಶಾಲೆಗೆ ರಜೆ, ವಿಮಾನಗಳೆಲ್ಲ ತುಂಬಿದ್ದವು. ಮಾರನೆಯ ದಿನದ ಟಿಕೆಟ್‌ಗೆ ಒಂದು ಕಡೆಗೇ 1,900 ಡಾಲರ್ ಕೇಳುತ್ತಿದ್ದರು. ಡಲ್ಲಾಸ್‌ನಿಂದ ಮೈಲು ಟಿಕೆಟ್ ಇರಲಿಲ್ಲ, ಹೂಸ್ಟನ್‌ನಿಂದ ಒಂದು ಆಸನ ಇತ್ತು: ಅದೇ 40,000 ಮೈಲು. ಕತಾರ್ ಆಸನಗಳಿಗೆ ಈ ಪಟ್ಟಿಯ ಬೆಲೆ ಮೂರು ತಿಂಗಳ ಮುಂಚೆಯೂ ಅಷ್ಟೇ, ನಾಳೆಗೂ ಅಷ್ಟೇ. ಹೋಗುವುದು ಬೇಡವಾದರೆ ರದ್ದು ಮಾಡಿ ಮೈಲುಗಳನ್ನು ದಂಡವಿಲ್ಲದೆ ಮರಳಿ ಪಡೆಯಬಹುದು. ರಾತ್ರಿಯೇ ಗಂಡ ಕಾರಿನಲ್ಲಿ ಹೂಸ್ಟನ್‌ಗೆ ಬಿಟ್ಟು ಬಂದರು. ತಂದೆ ಗುಣವಾಗಿ ಮನೆಗೆ ಬಂದರು, ಅದು ಬೇರೆ ಮಾತು. ಹೊರದೇಶದಲ್ಲಿರುವ ಯಾರೇ ಆಗಲಿ ಇಂಥ ರಾತ್ರಿಗೆಂದು ಒಂದು ಕಡೆಯ ಪಯಣಕ್ಕಾಗುವಷ್ಟು ಮೈಲು ಇಟ್ಟುಕೊಂಡಿರುವುದು ಒಳ್ಳೆಯದು. ಆಸನ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲದ ಕಾರಣ ಬ್ಯಾಂಕಿನಲ್ಲಿ ಟಿಕೆಟ್‌ನ ಹಣವೂ ಇರಬೇಕು.

ಆ 40,000 ಮೈಲನ್ನು ಉಳಿತಾಯದ ಬಡ್ಡಿ ಬಿಟ್ಟುಕೊಟ್ಟು ಸಂಪಾದಿಸಬೇಕಿಲ್ಲ. ಕ್ರೆಡಿಟ್ ಕಾರ್ಡ್‌ನಿಂದ ಪಡೆಯಿರಿ. ವಿಮಾನ ಕಂಪನಿಗಳ ಕಾರ್ಡ್‌ಗಳು ಮೊದಲ ಕೆಲವು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದರೆ ಇಷ್ಟು ಮೈಲು ಎಂದು ದೊಡ್ಡ ಗಂಟನ್ನೇ ಕೊಡುತ್ತವೆ. ಒಂದೇ ಕಾರ್ಡ್‌ನಲ್ಲಿ 50,000 ಬಂದರೂ ಆಶ್ಚರ್ಯವಿಲ್ಲ. ಖರ್ಚು ಮಾಡಿದ್ದಕ್ಕೆ ಬರುವ ಈ ಮೈಲುಗಳನ್ನು ರಿಯಾಯಿತಿ ಎಂದು ಪರಿಗಣಿಸುವುದರಿಂದ ತೆರಿಗೆಯೂ ಬೀಳುವುದಿಲ್ಲ. ಹಣ ಇಟ್ಟದ್ದಕ್ಕೆ ಬಂದರೆ ಮಾತ್ರ ಆದಾಯ. ಬ್ಯಾಂಕ್ ಖಾತೆಗೆ ಸಿಕ್ಕ 50,000 ಅಂಕಗಳಿಂದ ವಿಮಾನದ ಟಿಕೆಟ್ ಪಡೆದ ಒಬ್ಬರು ಅದನ್ನು ಆದಾಯದಲ್ಲಿ ತೋರಿಸದೆ ತೆರಿಗೆ ನ್ಯಾಯಾಲಯದವರೆಗೆ ಹೋಗಿದ್ದರು. 668 ಡಾಲರ್ ಆದಾಯವೇ ಹೌದು ಎಂದು 2014ರಲ್ಲಿ ತೀರ್ಪು ಬಂತು. ವರ್ಷದ ಹಿಂದೆ ಬಂದ ನಿಮಗೆ ಕ್ರೆಡಿಟ್ ಇತಿಹಾಸ ಈಗಷ್ಟೇ ಬೆಳೆಯುತ್ತಿರಬೇಕು. ಠೇವಣಿ ಇಟ್ಟು ಪಡೆಯುವ ಕಾರ್ಡ್ ಇದ್ದರೆ ಅದನ್ನು ಆರೆಂಟು ತಿಂಗಳು ಸರಿಯಾಗಿ ಬಳಸಿ, ಆಮೇಲೆ ವಿಮಾನದ ಕಾರ್ಡ್‌ಗೆ ಅರ್ಜಿ ಹಾಕಿ. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವ ಶಿಸ್ತು ಇಲ್ಲದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಕಾರ್ಡ್‌ನ ಬಡ್ಡಿ ಇಪ್ಪತ್ತು ದಾಟುತ್ತದೆ.

ತಂದೆಯವರ ಎನ್‌ಆರ್‌ಇ ಸಲಹೆಯ ಬಗ್ಗೆ ಚಿಕ್ಕದಾಗಿ. ಆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ನೀವು ಇಲ್ಲಿ ತೆರಿಗೆಯ ಮಟ್ಟಿಗೆ ನಿವಾಸಿ, ಆದ್ದರಿಂದ ಇಲ್ಲಿ ತೋರಿಸಿ ಕಟ್ಟಲೇಬೇಕು. ಭಾರತದ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ವಿದೇಶಿ ಖಾತೆಗಳ ವಿವರವನ್ನು ಇಲ್ಲಿನ ಸರ್ಕಾರಕ್ಕೆ ತಿಳಿಸುವ ಎಫ್‌ಬಿಎಆರ್ ವರದಿಯನ್ನೂ ಸಲ್ಲಿಸಬೇಕು. ರೂಪಾಯಿ ಇಳಿದರೆ ನಷ್ಟ ನಿಮ್ಮದು. ಊರಲ್ಲಿ ಮನೆ ಕಟ್ಟಿಸುವ ಯೋಜನೆ ಇದ್ದರೆ ಇಡಿ, ಇಲ್ಲದಿದ್ದರೆ ಅಪ್ಪಾಜಿಗೆ ಸಮಾಧಾನವಾಗುವಷ್ಟು ಒಂದು ಸಣ್ಣ ಮೊತ್ತ ಸಾಕು.

ಡಿಸೆಂಬರ್‌ನಲ್ಲಿ ಹೋಗಬೇಕೆಂದಿದ್ದೀರಿ. ಆ ತಿಂಗಳು ಮೈಲುಗಳಿಂದ ಆಸನ ಸಿಗುವುದು ಕಷ್ಟ, ಹಣ ಕೊಟ್ಟೇ ಟಿಕೆಟ್ ತೆಗೆಯಿರಿ, ಆಗಸ್ಟ್ ಮುಗಿಯುವುದರೊಳಗೆ ತೆಗೆಯಿರಿ. ಕತಾರ್‌ನಲ್ಲಿ ಹೋಗುವುದಾದರೆ ಎಎಡ್ವಾಂಟೇಜ್ ಸದಸ್ಯತ್ವಕ್ಕೆ ಮೊದಲೇ ಹೆಸರು ನೋಂದಾಯಿಸಿ, ಅದಕ್ಕೆ ದುಡ್ಡಿಲ್ಲ, ಆ ಸಂಖ್ಯೆಯನ್ನು ಟಿಕೆಟ್‌ಗೆ ಸೇರಿಸಿ. ಬೋರ್ಡಿಂಗ್ ಪಾಸ್‌ಗಳನ್ನು ಮೈಲುಗಳು ಖಾತೆಗೆ ಬರುವವರೆಗೂ ಎಸೆಯಬೇಡಿ. ಕೆಲವೊಮ್ಮೆ ತಾನಾಗಿ ಸೇರದೆ ನಾವೇ ಕೇಳಿ ಹಾಕಿಸಿಕೊಳ್ಳಬೇಕಾಗುತ್ತದೆ.