ಅಮ್ಮನ ಇನ್ಸುಲಿನ್ ನಾಯಿಗೂ ಕೊಡ್ಬೋದಾ?

ಪ್ರಶ್ನೆ: ಸಾರ್, ನಮ್ದು ಪಾಂಡವಪುರದ ಹತ್ರ ಹಳ್ಳಿ. ಅಮ್ಮಂಗೆ ತುಂಬಾ ವರ್ಷದಿಂದ ಶುಗರ್, ಎರಡು ಹೊತ್ತೂ ಇನ್ಸುಲಿನ್ ತಗೋತಾರೆ. ಈಗ ನಮ್ಮ ಪಾಮೇರಿಯನ್ ನಾಯಿಗೂ ಶುಗರ್ ಅಂತ ಡಾಕ್ಟ್ರು ಹೇಳಿದಾರೆ. ಹೆಣ್ಣುನಾಯಿ, ಎಂಟು ವರ್ಷ, 8 ಕೆಜಿ, ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿಲ್ಲ. ಬಟ್ಲು ಬಟ್ಲು ನೀರು ಕುಡೀತಾಳೆ, ಉಚ್ಚೆ ಹೊಯ್ದ ಕಡೆ ಇರುವೆ ಮುತ್ಕೋತಾವೆ, ಚೆನ್ನಾಗ್ ತಿಂದ್ರೂ ಸೊರಗ್ತಾ ಇದಾಳೆ. ಅಮ್ಮ ಮೊದ್ಲು ತಗೋತಿದ್ದ ಶುಗರ್ ಮಾತ್ರೆ ಒಂದು ಡಬ್ಬಿ ಉಳಿದಿದೆ, ಅದನ್ನೇ ಹಾಕಿದ್ರೆ ಆಗಲ್ವಾ? ಇಲ್ಲ ಅಂದ್ರೆ ಅಮ್ಮನ ಇನ್ಸುಲಿನ್ನೇ ಕೊಡ್ಬೋದಾ? ಅನ್ನ ಬಿಡ್ಸಿ ಇಬ್ರಿಗೂ ಮುದ್ದೆ ಮಾಡಿದೀವಿ.

ಉತ್ತರ: ಮಾತ್ರೆ ಬೇಡ. ಆ ಡಬ್ಬೀನ ಎತ್ತಿ ಮೇಲಿಡಿ. ನಿಮ್ಮ ಅಮ್ಮಂಗೆ ಬಂದಿರೋದು ಹೆಚ್ಚಾಗಿ ಟೈಪ್ 2, ಅಂದ್ರೆ ಮೈಯಲ್ಲಿ ಇನ್ಸುಲಿನ್ ಇತ್ತು, ಆದ್ರೆ ಅದು ಸರಿಯಾಗಿ ಕೆಲಸ ಮಾಡ್ತಿರ್ಲಿಲ್ಲ, ಅದಕ್ಕೇ ಮೊದಲಷ್ಟು ವರ್ಷ ಮಾತ್ರೇಲಿ ನಡೀತು. ನಾಯಿಗಳದ್ದು ಹಾಗಲ್ಲ, ಇನ್ಸುಲಿನ್ ತಯಾರು ಮಾಡೋ ಜೀವಕೋಶಗಳೇ ಮುಕ್ಕಾಲು ಮೂರುಪಾಲು ಹೋಗಿರ್ತವೆ, ಗ್ಲಿಮೆಪಿರೈಡ್ ಥರದ ಮಾತ್ರೆ ಹೋಗಿ ಇಲ್ಲದೇ ಇರೋ ಕೋಶವನ್ನ ಎಬ್ಬಿಸೋಕಾಗುತ್ತಾ. ಹಾಗಾಗಿ ನಾಯಿಗೆ ಶುಗರ್ ಅಂದ್ರೆ ಇನ್ಸುಲಿನ್ನೇ, ಸಾಮಾನ್ಯವಾಗಿ ಜೀವನಪೂರ್ತಿ, ಹನ್ನೆರಡು ಗಂಟೆಗೊಂದ್ಸಲ. ಮಂಡ್ಯ ಕಡೆಯೋರು ಕೇಳೋ ಇನ್ನೊಂದು ಮಾತು, ಆಲೆಮನೆ ಹತ್ರ ಬೆಲ್ಲ ನೆಕ್ಕಿ ನೆಕ್ಕಿ ಬಂತಾ ಅಂತ. ಇಲ್ಲ. ಸಿಹಿಗಿಂತ ನಂಗೆ ಭಯ ಕೊಬ್ಬಿಂದು, ಪಕ್ಷದ ಹಬ್ಬದಲ್ಲಿ ಮಟನ್ ಕೊಬ್ಬು ಮನಸಾರೆ ಹಾಕ್ಬಿಡ್ತೀವಿ ನೋಡಿ, ಅದ್ರಿಂದ ಇನ್ಸುಲಿನ್ ತಯಾರು ಮಾಡೋ ಮೇದೋಜೀರಕ ಗ್ರಂಥಿ ಊದ್ಕೊಂಡು ಕೆಟ್ಟು ಶುಗರ್‌ಗೂ ದಾರಿ ಆಗ್ಬೋದು.

ಇನ್ನು ಅಮ್ಮನ ಇನ್ಸುಲಿನ್. ಮನುಷ್ಯರ ಇನ್ಸುಲಿನ್ ನಾಯಿಗೆ ಕೆಲಸ ಮಾಡುತ್ತೆ, ನಾವು ಪ್ರಾಣಿ ಡಾಕ್ಟ್ರುಗಳೂ ಎಷ್ಟೋ ಸಲ ಅದನ್ನೇ ಬರೀತೀವಿ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮೇದೋಜೀರಕ ತೆಗೆದ ನಾಯಿಯ ಮೂತ್ರದಲ್ಲಿ ಸಕ್ಕರೆ ಕಂಡಿದ್ದು, 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್, ಬೆಸ್ಟ್ ಅನ್ನೋ ವಿಜ್ಞಾನಿಗಳು ಇನ್ಸುಲಿನ್ ತೆಗೆದು ಮೊದಲು ಪರೀಕ್ಷೆ ಮಾಡಿದ್ದು, ಎರಡೂ ನಾಯಿಗಳ ಮೇಲೇನೆ, ಮನುಷ್ಯಂಗೆ ಸಿಕ್ಕಿದ್ದು 1922ರ ಜನವರೀಲಿ. ನಾಯಿ ಇನ್ಸುಲಿನ್ನು ಹಂದಿ ಇನ್ಸುಲಿನ್ನು ಒಂದೇ, ನಮ್ಮದಕ್ಕೂ ಅದಕ್ಕೂ 51 ಅಮೈನೋ ಆಮ್ಲದಲ್ಲಿ ಒಂದೇ ಒಂದು ಬೇರೆ. ಆದ್ರೆ ಅಮ್ಮ ತಗೊಳೋ ಜಾತಿ, ಅಮ್ಮ ತಗೊಳೋ ಡೋಸು ನಾಯಿಗೆ ಆಗಲ್ಲ. 8 ಕೆಜಿ ನಾಯಿಗೆ ಶುರು ಮಾಡೋದೇ ಎರಡು ಮೂರು ಯೂನಿಟ್‌ನಿಂದ, ಅದನ್ನೂ ನೋಡಿದ ಡಾಕ್ಟ್ರೇ ಹೇಳ್ಬೇಕು, ನಾನು ಇಲ್ಲಿ ಕೂತು ಹೇಳೋದಲ್ಲ.

ಡೋಸಿಗಿಂತ ಹೆಚ್ಚು ಎಡವಟ್ಟಾಗೋದು ಸಿರಿಂಜಲ್ಲಿ, ಇದನ್ನ ದಯವಿಟ್ಟು ಸೀಸೆ ಕೈಲಿಟ್ಕೊಂಡು ಓದಿ. ನಮ್ಮ ಮೆಡಿಕಲ್ ಸ್ಟೋರಲ್ಲಿ ಸಿಗೋ ಮಾಮೂಲಿ ಸೀಸೆ ಮೇಲೆ 40 ಐಯು ಅಂತ ಇರುತ್ತೆ, ಅಂದ್ರೆ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜು, ಗ್ಲಾರ್ಜಿನ್ ಅನ್ನೋ ದಿನಪೂರ್ತಿ ಕೆಲಸ ಮಾಡೋ ಇನ್ಸುಲಿನ್ ಸೀಸೆ ಇವೆಲ್ಲ ಸಾಮಾನ್ಯವಾಗಿ 100 ಐಯು, ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನ ಕೆಂಪು ಮುಚ್ಚಳದ ಸಿರಿಂಜಲ್ಲಿ 2ರ ಗೆರೆ ತನಕ ಎಳೆದ್ರೆ ಒಳಗೆ ಬಂದಿರೋದು 5 ಯೂನಿಟ್. ಅಮ್ಮನಂಥ ದೊಡ್ಡ ಮೈಗೆ ಮೂರು ಯೂನಿಟ್ ಹೆಚ್ಚುಕಮ್ಮಿ ತಡೀಬೋದು, ಪಾಮೇರಿಯನ್ನಿಗೆ ಅದೇ ಜೀವಕ್ಕೆ ಕುತ್ತು. ಅದಕ್ಕೆ ಸೀಸೆಯ ನಂಬರು, ಸಿರಿಂಜಿನ ನಂಬರು ಎರಡೂ ಒಂದೇ ಇದೆಯಾ ಅಂತ ಪ್ರತಿ ಸಲ ನೋಡಿ. ಸೀಸೆ ಇಬ್ರಿಗೂ ಬೇರೆ ಬೇರೇನೆ ಇರ್ಲಿ, ನಾಯಿಗೆ ಚುಚ್ಚಿದ ಸೂಜಿ ಅಮ್ಮನ ಸೀಸೆಗೆ ಹೋಗೋದು ಬೇಡವೇ ಬೇಡ, ಗುರ್ತಿಗೆ ಒಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಇಡೋದು ಫ್ರಿಜ್ಜಲ್ಲಿ, 2ರಿಂದ 8 ಡಿಗ್ರೀಲಿ, ಐಸ್ ಕಟ್ಟೋ ಫ್ರೀಜರಲ್ಲಿ ಅಲ್ಲ, ಒಂದ್ಸಲ ಹೆಪ್ಪುಗಟ್ಟಿದ್ರೆ ಬಿಸಾಕ್ಬೇಕು.

ನಾಯಿಗೆ ಮೊದಲು ಊಟ, ಆಮೇಲೆ ಸೂಜಿ. ತಟ್ಟೆ ಮುಟ್ಲಿಲ್ಲ ಅಂದ್ರೆ ಆವತ್ತಿನ ಪೂರ್ತಿ ಡೋಸ್ ಕೊಡ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಇವ್ರು ಕೊಟ್ರೋ ಇಲ್ವೋ ಅಂತ ಮನೇಲಿ ಇನ್ನೊಬ್ರು ಇನ್ನೊಂದ್ಸಲ ಚುಚ್ಚಿದ ಕೇಸು ಪ್ರಾಣಿ ಡಾಕ್ಟ್ರುಗಳಿಗೆಲ್ಲ ಗೊತ್ತು, ಅದಕ್ಕೆ ಕ್ಯಾಲೆಂಡರ್ ಮೇಲೆ ಟಿಕ್ ಹಾಕೋದು ಒಳ್ಳೇದು. ಶುಗರ್ ಜಾಸ್ತಿ ಇದ್ರೆ ಒಂದು ದಿನ ತಡೀಬೋದು, ಕಮ್ಮಿ ಆದ್ರೆ ಒಂದು ಗಂಟೇನೂ ತಡಿಯಲ್ಲ. ನಾಯಿ ತೂರಾಡುತ್ತೆ, ನಡುಗುತ್ತೆ, ಮಂಕಾಗಿ ಎಲ್ಲೋ ನೋಡುತ್ತೆ, ಫಿಟ್ಸೂ ಬರ್ಬೋದು. ತಕ್ಷಣ ಗಟ್ಟಿ ಸಕ್ಕರೆ ಪಾಕಾನೋ ಜೇನುತುಪ್ಪಾನೋ ವಸಡಿಗೆ ಸವರಿ, ಪ್ರಜ್ಞೆ ಇಲ್ಲದ ನಾಯಿ ಬಾಯಿಗೆ ಹುಯ್ಯೋಕೆ ಹೋಗ್ಬೇಡಿ, ಸವರಿದ ಮೇಲೆ ಆಸ್ಪತ್ರೆಗೆ ಹೊರಡಿ. ಅಮ್ಮಂಗೂ ಹೀಗೇ, 70ರ ಕೆಳಗೆ ಬಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡ್ಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಎಚ್ಚರ ಇಲ್ಲದಿದ್ರೆ ಅವರಿಗೂ ಬಾಯಿಗೆ ಏನೂ ಹಾಕ್ದೆ ಆಂಬುಲೆನ್ಸ್ ಕರೀರಿ. ಅಮ್ಮನ ಗ್ಲೂಕೋಮೀಟರಲ್ಲೇ ನಾಯಿ ಕಿವಿ ಅಂಚಿನ ಒಂದು ಹನಿ ರಕ್ತ ನೋಡ್ಬೋದು, ಸೂಜಿ ಬೇರೆ ಇರ್ಲಿ, ನಾಯಿ ರಕ್ತಕ್ಕೆ ಅದು ನಿಜಕ್ಕಿಂತ ಸ್ವಲ್ಪ ಕಮ್ಮಿ ತೋರ್ಸೋದೇ ಹೆಚ್ಚು. ದಿನದ ಬಹುಪಾಲು 100ರಿಂದ 250ರ ಒಳಗಿದ್ರೆ ನಮಗೆ ಸಮಾಧಾನ. 80ರ ಕೆಳಗಿದ್ರೆ ಚುಚ್ಚದೆ ಫೋನ್ ಮಾಡಿ.

ಮುದ್ದೆ ವಿಷಯ ಹೇಳಿದ್ರೆ ನಮ್ಮ ಕಡೆಯೋರಿಗೆ ಬೇಜಾರಾಗುತ್ತೆ, ಆದ್ರೂ ಹೇಳ್ಬೇಕು. 100 ಗ್ರಾಂ ರಾಗಿ ಹಿಟ್ಟಲ್ಲಿ ಹತ್ತಿರತ್ತಿರ 70 ಗ್ರಾಂ ಕಾರ್ಬೋಹೈಡ್ರೇಟೇ. ನಾರಿನಂಶ, ಕ್ಯಾಲ್ಸಿಯಂ ಇದೆ ಸರಿ, ಪಾಲಿಶ್ ಅಕ್ಕಿಗಿಂತ ವಾಸಿ ಅದೂ ಸರಿ, ಆದ್ರೆ ನುಣ್ಣಗೆ ಬೀಸಿದ ಹಿಟ್ಟಲ್ಲಿ ಎರಡು ದೊಡ್ಡ ಮುದ್ದೆ ನುಂಗಿದ್ರೆ ಶುಗರ್ ಏರದೆ ಇರಲ್ಲ. ಅಮ್ಮಂಗೆ ಒಂದೇ ಚಿಕ್ಕ ಮುದ್ದೆ ಮಾಡಿ, ಜೊತೆಗೆ ಸೊಪ್ಪಿನ ಬಸ್ಸಾರು, ಪಲ್ಯ, ಕಾಳು ಜಾಸ್ತಿ. ಕಾಫಿಗೆ ಬೆಲ್ಲ ಹಾಕಿದ್ರೆ ಏನೂ ಆಗಲ್ಲ ಅನ್ನೋದು ನಮ್ಮ ಊರಿನ ದೊಡ್ಡ ಸಮಾಧಾನ, ಅದೂ ಹೆಚ್ಚುಕಮ್ಮಿ ಸಕ್ಕರೇನೆ. ಆದ್ರೆ ನಾನು ಪ್ರಾಣಿ ಡಾಕ್ಟ್ರು, ಅಮ್ಮನ ಡೋಸು, ಮೂರು ತಿಂಗಳಿಗೊಂದ್ಸಲದ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳೋ ರಕ್ತಪರೀಕ್ಷೆ), ವರ್ಷಕ್ಕೊಂದ್ಸಲ ಕಣ್ಣು, ಪಾದ, ಕಿಡ್ನಿ ಪರೀಕ್ಷೆ ಅವರ ಡಾಕ್ಟ್ರು ಹತ್ರಾನೆ ಮಾಡ್ಸಿ. ನಾಯಿಗೆ ಏನು ಹಾಕಿದ್ರೂ ದಿನಾ ಅದೇ, ಅಷ್ಟೇ, ಅದೇ ಟೈಮಿಗೆ. ಮಧ್ಯೆ ಮಧ್ಯೆ ಬಿಸ್ಕತ್ತು ನಿಲ್ಸಿ, ಅಮ್ಮನೇ ಕದ್ದು ಕೊಡ್ತಿರ್ತಾರೆ, ಕೇಳಿ ನೋಡಿ. ಮತ್ತೆ ಶುಗರ್‌ಫ್ರೀ ಚೂಯಿಂಗ್ ಗಮ್ಮು, ಸ್ವೀಟು ನಾಯಿಗೆ ಎಟುಕದ ಹಾಗೆ ಇಡಿ, ಕೆಲವದ್ರಲ್ಲಿ ಸಿಹಿಗೆ ಅಂತ ಹಾಕೋ ಜೈಲಿಟಾಲ್ ಇರುತ್ತೆ, ನಮಗೆ ಏನೂ ಮಾಡಲ್ಲ ಆದ್ರೆ ನಾಯಿಗೆ ಅದು ವಿಷ, ಶುಗರ್ ದಿಢೀರ್ ಅಂತ ಬಿದ್ದು ಲಿವರ್ರೂ ಹೋಗ್ಬೋದು.

ಆಪರೇಷನ್ ಮಾಡ್ಸಿಲ್ಲ ಅಂದ್ರಲ್ಲ, ಶುಗರ್ ಸ್ವಲ್ಪ ಹದಕ್ಕೆ ಬರ್ತಿದ್ದ ಹಾಗೆ ಅದನ್ನ ಮಾಡ್ಸಿ, ಮುಂದೂಡ್ಬೇಡಿ. ಹೀಟ್ (ಬೆದೆ) ಮುಗಿದ ಮೇಲೆ ಎರಡು ತಿಂಗಳ ಹತ್ತಿರ ಪ್ರೊಜೆಸ್ಟರಾನ್ ಅನ್ನೋ ಹೆಣ್ಣು ಹಾರ್ಮೋನ್ ಏರಿರುತ್ತೆ, ಅದು ಬೆಳವಣಿಗೆ ಹಾರ್ಮೋನನ್ನ ಎಬ್ಬಿಸಿ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತೆ, ನೀವು ಎಷ್ಟು ಚುಚ್ಚಿದ್ರೂ ಕಂಟ್ರೋಲಿಗೆ ಬರಲ್ಲ. ಬೇಗ ಮಾಡ್ಸಿದ ಕೆಲವು ನಾಯಿಗಳಿಗೆ ಆಮೇಲೆ ಇನ್ಸುಲಿನ್ನೇ ಬೇಡವಾಗಿರೋದೂ ಉಂಟು. ಕಣ್ಣೂ ನೋಡ್ತಾ ಇರಿ, ಶುಗರ್ ಬಂದ ನಾಯಿಗೆ ಕೆಲವೇ ತಿಂಗಳಲ್ಲಿ ಪೊರೆ ಬಂದ್ಬಿಡುತ್ತೆ, ಒಳ್ಳೆ ಕಂಟ್ರೋಲಲ್ಲಿದ್ರೂ ಬರ್ಬೋದು.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ. ನಮ್ಮ ಗಂಡು ಬೆಕ್ಕು 7 ಕೆಜಿ, ಬರೀ ಒಣ ಪೆಲೆಟ್ ತಿನ್ನುತ್ತೆ. ಕ್ಲಿನಿಕ್ಕಲ್ಲಿ ನೋಡಿದಾಗ ಶುಗರ್ 290 ಬಂತು. ನಮ್ಮ ಯಜಮಾನ್ರು ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೋತಾರೆ, ಅದನ್ನ ಅರ್ಧ ಕೊಡ್ಲಾ?

ಉತ್ತರ: ಕೊಡ್ಬೇಡಿ ಮೇಡಂ. ಮೊದಲನೇದಾಗಿ ಆ 290 ನಿಜವಾಗ್ಲೂ ಶುಗರ್ರಾ ಅಂತ ಗೊತ್ತಾಗ್ಬೇಕು. ಬುಟ್ಟೀಲಿ ತುಂಬ್ಕೊಂಡು ಆಟೋದಲ್ಲಿ ಕರ್ಕೊಂಡ್ ಬಂದ್ರೆ ಭಯಕ್ಕೇ ಬೆಕ್ಕಿನ ಶುಗರ್ ಅಷ್ಟಕ್ಕೆ ಹೋಗುತ್ತೆ. ಎರಡು ಮೂರು ವಾರದ ಸರಾಸರಿ ಹೇಳೋ ಫ್ರಕ್ಟೋಸಮೀನ್ ಅಂತ ರಕ್ತಪರೀಕ್ಷೆ ಇದೆ, ಅದನ್ನ ಮಾಡ್ಸಿ, ಮನೇಲಿ ಉಚ್ಚೇಲೂ ಸಕ್ಕರೆ ಇದೆಯಾ ನೋಡ್ಸಿ. ನಿಜವಾಗ್ಲೂ ಇದ್ರೂ ಬೆಕ್ಕಿಂದು ಮನುಷ್ಯರ ಟೈಪ್ 2ಕ್ಕೆ ಹತ್ತಿರ, ಬೇಗ ಇನ್ಸುಲಿನ್ ಶುರು ಮಾಡಿ ಪೆಲೆಟ್ ಬಿಡ್ಸಿ ಪ್ರೊಟೀನ್ ಜಾಸ್ತಿ ಇರೋ, ನೀರಿನಂಶ ಇರೋ ಮೆತ್ತನೆ ಆಹಾರಕ್ಕೆ ತಂದ್ರೆ ಎಷ್ಟೋ ಬೆಕ್ಕುಗಳಿಗೆ ಕೊನೆಗೆ ಇನ್ಸುಲಿನ್ ನಿಲ್ಸಿರೋದೂ ಇದೆ, ನಾಯಿಯೋರಿಗೆ ಈ ಅದೃಷ್ಟ ಅಪರೂಪ. ತೂಕ ನಿಧಾನಕ್ಕೆ ಇಳೀಲಿ, ದಪ್ಪ ಬೆಕ್ಕನ್ನ ಉಪವಾಸ ಕೆಡವಿದ್ರೆ ಲಿವರಲ್ಲಿ ಕೊಬ್ಬು ತುಂಬ್ಕೊಂಡು ಅದೇ ಇನ್ನೊಂದು ಕಾಯಿಲೆ. ಯಜಮಾನ್ರ ಮಾತ್ರೆಯ ಗುಂಪಿನದ್ದೇ ಒಂದು ಮಾತ್ರೆಗೆ ಬೆಕ್ಕಿಗೆ ಅಂತ ಅಮೆರಿಕದಲ್ಲಿ 2022ರ ಡಿಸೆಂಬರಲ್ಲಿ ಒಪ್ಪಿಗೆ ಸಿಕ್ಕಿರೋದು ನಿಜ, ಆದ್ರೆ ಅದನ್ನೂ ಕೀಟೋನ್ (ಕೊಬ್ಬು ಕರಗಿದಾಗ ರಕ್ತಕ್ಕೆ ಸೇರೋ ಆಮ್ಲ), ಲಿವರ್, ಕಿಡ್ನಿ ಎಲ್ಲ ಪರೀಕ್ಷೆ ಮಾಡಿ, ಆಯ್ದ ಬೆಕ್ಕುಗಳಿಗೆ ಮಾತ್ರ ಕೊಡ್ತಾರೆ. ಯಾರಾದ್ರೂ ಈಚೆಗೆ ಅದಕ್ಕೆ ಕಜ್ಜಿಗೋ ಕೆಮ್ಮಿಗೋ ಸ್ಟೀರಾಯ್ಡ್ ಕೊಟ್ಟಿದ್ರೆ ಅದನ್ನ ಡಾಕ್ಟ್ರಿಗೆ ಮರೀದೆ ಹೇಳಿ, ಶುಗರ್ ಏರೋಕೆ ಅದೇ ಕಾರಣ ಆಗಿರ್ಬೋದು.