ಮೂರು ಗುಂಡಿಯ ಸಂಗಾತಿ

ಪ್ರಶ್ನೆ: ನನಗೆ 61 ವರ್ಷ. ಯಜಮಾನರು ತೀರಿಕೊಂಡು ಒಂದೂವರೆ ವರ್ಷವಾಯಿತು, ಮಗಳ ಸಂಸಾರ ಅಮೆರಿಕದಲ್ಲಿದೆ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಮೊಮ್ಮಗಳು ತಮಗೋಚಿ ಎಂಬ ಮೊಟ್ಟೆಯಾಕಾರದ ಆಟಿಕೆಯನ್ನು ‘ಅಜ್ಜಿ, ನೀನೇ ನೋಡಿಕೋ’ ಎಂದು ನನ್ನ ಕೈಗಿತ್ತು ಹೋದಳು. ಅದರ ಪುಟ್ಟ ಪರದೆಯೊಳಗಿನ ಮರಿಗೆ ಮೂರು ಗುಂಡಿಗಳಿಂದಲೇ ಉಣಿಸುವುದು, ಹೇಸಿಗೆ ತೆಗೆಯುವುದು ಈಗ ರೂಢಿಯಾಗಿದೆ. ಯಜಮಾನರಿಗೆ ರಾತ್ರಿ ಎಂಟಕ್ಕೆ ಮಾತ್ರೆ ಕೊಡುತ್ತಿದ್ದೆ. ಈಗ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇದರ ದೀಪ ಆರಿಸುತ್ತೇನೆ. ವಾರಗಿತ್ತಿ ‘ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ’ ಎಂದು ಎಲ್ಲರೆದುರು ನಕ್ಕರು. ಇದೇನಾದರೂ ಮನಸ್ಸಿನ ಕಾಯಿಲೆಯೇ?
– ಹೆಸರು ಬೇಡ, ಶಿರಸಿ

ಉತ್ತರ: ಕಾಯಿಲೆಯಲ್ಲ, ತಾಯಿ. ನಿಮ್ಮ ಪ್ರಶ್ನೆಗೆ ಉತ್ತರವನ್ನು ನೀವೇ ಬರೆದಿದ್ದೀರಿ. ಅದು ಮಾತ್ರೆಯ ಹೊತ್ತಿನ ಬಗ್ಗೆ ಬರೆದ ಸಾಲಿನಲ್ಲಿದೆ. ವರ್ಷಗಟ್ಟಲೆ ಒಬ್ಬರನ್ನು ನೋಡಿಕೊಂಡ ಕೈಗೆ ಅವರು ಹೋದ ಮರುದಿನವೂ ಗಂಟೆ ಎಂಟಾಗುವುದು ಗೊತ್ತಾಗುತ್ತದೆ. ಮಾತನಾಡಿಸಲು ಬಂದವರೆಲ್ಲ ಹೋದವರ ಗುಣವನ್ನು ನೆನೆದು ಸಮಾಧಾನ ಹೇಳುತ್ತಾರೆಯೇ ಹೊರತು, ಕೆಲಸವಿಲ್ಲದೆ ಉಳಿದುಹೋದ ಆ ಎಂಟರ ಹೊತ್ತನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ನಿಮಗೆ ಅದನ್ನು ಒಂದು ಆಟಿಕೆ ಹೇಳಿಕೊಟ್ಟಿತು.

ಈ ಆಟಿಕೆಯ ಸ್ವಭಾವವನ್ನು ತಿಳಿದುಕೊಂಡರೆ ನಿಮ್ಮ ಅಳುಕು ಇನ್ನಷ್ಟು ಕಡಿಮೆಯಾದೀತು. ಅಕಿ ಮಾಯಿತಾ ಎಂಬ ಮಹಿಳೆ ಮತ್ತು ಅಕಿಹಿರೊ ಯೊಕೋಯಿ ಸೇರಿ ರೂಪಿಸಿದ ಇದನ್ನು ಬಂದಾಯಿ ಕಂಪನಿ 1996ರ ನವೆಂಬರ್ 23ರಂದು ಜಪಾನಿನಲ್ಲಿ ಮಾರುಕಟ್ಟೆಗೆ ತಂದಿತು. ಜಪಾನಿ ಭಾಷೆಯಲ್ಲಿ ‘ತಮಗೊ’ ಎಂದರೆ ಮೊಟ್ಟೆ; ಅದರ ಜೊತೆಗೆ ಇಂಗ್ಲಿಷಿನ ‘ವಾಚ್’ ಸೇರಿ ಈ ಹೆಸರಾಯಿತು. ಒಳಗಿರುವುದು ಒಂದು ಗಡಿಯಾರ ಮತ್ತು ಕೆಲವು ಲೆಕ್ಕಗಳು ಮಾತ್ರ. ಹೊತ್ತು ಸರಿದಂತೆ ಹಸಿವಿನ ನಾಲ್ಕು ಹೃದಯದ ಗುರುತುಗಳು ಒಂದೊಂದಾಗಿ ಖಾಲಿಯಾಗುತ್ತವೆ, ನೀವು ಗುಂಡಿ ಒತ್ತಿದರೆ ತುಂಬುತ್ತವೆ, ಬಹಳ ಹೊತ್ತು ಮರೆತರೆ ತಲೆಬುರುಡೆಯ ಚಿತ್ರ ಮೂಡಿ ಮರಿ ಕಾಯಿಲೆ ಬಿದ್ದಿದೆ ಎಂದು ತೋರಿಸುತ್ತದೆ. ಮೊದಲ ತಮಗೋಚಿಯಲ್ಲಿ ಅದನ್ನು ಆರಿಸಿಡುವ ಗುಂಡಿಯೇ ಇರಲಿಲ್ಲ. ಅದಕ್ಕೆ ನೀವು ಯಾರೆಂದು ತಿಳಿಯದು, ನಿಮ್ಮ ಮೇಲೆ ಅಕ್ಕರೆಯೂ ಇಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ. ಆದರೆ ದೀಪ ಆರಿಸಲು ಎದ್ದು ಬಂದವರು ನೀವು, ಆ ಅಕ್ಕರೆ ನಿಮ್ಮದು, ಅದರಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ.

ಇಂದು ಮೊಬೈಲಿನಲ್ಲಿ ಸಿಹಿಮಾತನಾಡಿ ಸಂತೈಸುವ ಸಂಗಾತಿಗಳು ಬೇಕಾದಷ್ಟಿವೆ. ನಿಮ್ಮ ಮರಿಯನ್ನು ನಾನು ಅವುಗಳಿಗಿಂತ ಮೇಲೆಂದು ಎಣಿಸುತ್ತೇನೆ, ಏಕೆಂದರೆ ಅದು ನಿಮ್ಮನ್ನು ಹೊಗಳುವುದಿಲ್ಲ, ಕಳೆದುಕೊಂಡವರ ದನಿಯನ್ನು ಅನುಕರಿಸುವುದಿಲ್ಲ, ಕೇವಲ ‘ಬಾ, ಕೆಲಸವಿದೆ’ ಎಂದು ಕರೆಯುತ್ತದೆ. ನಾವು ಪೋಷಿಸಿದ್ದಕ್ಕೆ ನಮ್ಮ ಮನಸ್ಸು ಅಂಟಿಕೊಳ್ಳುತ್ತದೆ ಎಂಬುದನ್ನು ಇಂಥ ಆಟಿಕೆಗಳೊಂದಿಗೆ ಬೆಳೆದ ಮಕ್ಕಳನ್ನು ಗಮನಿಸಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ಶೆರಿ ಟರ್ಕಲ್ ವಿವರವಾಗಿ ಬರೆದಿದ್ದಾರೆ. ಹಿರಿಯರ ವಿಷಯದಲ್ಲಿಯೂ ಇದು ಹೊಸ ಮಾತಲ್ಲ. ಜಪಾನಿನ ತಕನೊರಿ ಶಿಬಾತಾ 1993ರಿಂದ ರೂಪಿಸುತ್ತ ಬಂದ ‘ಪಾರೊ’ ಎಂಬ ಸೀಲ್ ಮರಿಯ ಯಂತ್ರವು ತಡವಿದರೆ ಕಣ್ಣುಮುಚ್ಚಿ ತಲೆಯೆತ್ತುತ್ತದೆ. ಮರೆವಿನ ಕಾಯಿಲೆಯ ಹಿರಿಯರಿರುವ ಆರೈಕೆಮನೆಗಳಲ್ಲಿ ಅದನ್ನು ಅವರ ಮಡಿಲಿಗೆ ಕೊಡುತ್ತಾರೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳಿಗೆ ಹೊಸ ಬಟ್ಟೆ ಉಡಿಸಿ, ಆರತಿ ಎತ್ತಿ, ಹಬ್ಬ ಮುಗಿದ ಮೇಲೆ ಅವನ್ನು ಮೆಲ್ಲನೆ ಮಲಗಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅವು ಮರದವು ಎಂಬುದು ಆ ಮನೆಯ ಅಜ್ಜಿಗೂ ಗೊತ್ತು, ಮಗುವಿಗೂ ಗೊತ್ತು. ಹಾಗೆಂದು ಯಾರೂ ಅವನ್ನು ದಡಬಡನೆ ಡಬ್ಬಿಗೆ ಎಸೆಯುವುದಿಲ್ಲ. ವಾರಗಿತ್ತಿಯವರು ಮತ್ತೊಮ್ಮೆ ನಕ್ಕರೆ ವಾದಿಸಲು ಹೋಗಬೇಡಿ; ಒಂದು ದಿನ ಅದನ್ನು ಅವರ ಕೈಗೆ ಕೊಟ್ಟು ‘ಸಂಜೆಯವರೆಗೆ ನೋಡಿಕೊಳ್ಳಿ’ ಎನ್ನಿ. ಭಾನುವಾರದ ವಿಡಿಯೊ ಕರೆಯಲ್ಲಿ ಮೊಮ್ಮಗಳಿಗೆ ಮರಿಯನ್ನು ತೋರಿಸಿ, ಅದು ಎಷ್ಟು ದೊಡ್ಡದಾಯಿತೆಂದು ಹೇಳಿ. ಅವಳು ನಿಮಗೆ ವಹಿಸಿ ಹೋದದ್ದಲ್ಲವೇ?

ಒಂದನ್ನು ಮಾತ್ರ ಗಮನಿಸುತ್ತಿರಿ. ಮರಿಯನ್ನು ನೋಡಿಕೊಳ್ಳಬೇಕೆಂಬ ನೆಪದಲ್ಲಿ ಮದುವೆ ಮುಂಜಿಗಳಿಗೆ ಹೋಗದಿರುವುದು, ನಿಮ್ಮ ಊಟ ನಿದ್ದೆ ತಪ್ಪುವುದು, ಬದುಕೇ ಬೇಡವೆನ್ನಿಸುವುದು ಕಂಡುಬಂದರೆ ಅದು ಆಟಿಕೆಯ ದೋಷವಲ್ಲ, ದುಃಖ ಆಳಕ್ಕಿಳಿದಿದೆ ಎಂದರ್ಥ. ಆಗ ತಡಮಾಡದೆ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ಒಂಬತ್ತು ವರ್ಷದ ನನ್ನ ಮಗಳ ತಮಗೋಚಿ ಮರಿ ನಿನ್ನೆ ‘ಸತ್ತಿತು’. ರಾತ್ರಿ ಊಟವನ್ನೇ ಮಾಡಲಿಲ್ಲ. ಗುಂಡಿ ಒತ್ತಿ ಹೊಸ ಮೊಟ್ಟೆ ತರಿಸಿಕೊಡಲೇ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಇಂದೇ ಬೇಡ. ಜಪಾನಿನ ಮೊದಲ ತಮಗೋಚಿಯಲ್ಲಿ ಮರಿ ಸತ್ತಾಗ ಸಮಾಧಿಯ ಚಿತ್ರ ಬರುತ್ತಿತ್ತು. ಅಮೆರಿಕದಲ್ಲಿ ಮಾರಿದ್ದರಲ್ಲಿ ಅದರ ಬದಲು ರೆಕ್ಕೆ ಮೂಡಿದ ದೇವದೂತನನ್ನು ಇಟ್ಟರು. ಮಕ್ಕಳ ಅಳು ಎಷ್ಟು ನಿಜವೆಂಬುದು ತಯಾರಿಸಿದವರಿಗೂ ತಿಳಿದಿತ್ತು. ದೊಡ್ಡವರೂ ಇದಕ್ಕೆ ಹೊರತಲ್ಲ: ಸೋನಿ ಕಂಪನಿಯ ‘ಐಬೊ’ ಎಂಬ ಯಂತ್ರನಾಯಿಗಳ ದುರಸ್ತಿ 2014ರಲ್ಲಿ ನಿಂತ ಬಳಿಕ, ಕೆಟ್ಟುಹೋದ ನಾಯಿಗಳಿಗಾಗಿ ಚೀಬಾ ಪ್ರಾಂತ್ಯದ ಇಸುಮಿಯ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಅರ್ಚಕರು ಮಂತ್ರ ಹೇಳಿ ಅಂತಿಮ ವಿಧಿ ನಡೆಸಿದರು. ಆದ್ದರಿಂದ ‘ಪ್ಲಾಸ್ಟಿಕ್ಕಿಗೆ ಯಾರಾದರೂ ಅಳುತ್ತಾರೆಯೇ’ ಎಂದು ದಯವಿಟ್ಟು ಗದರಬೇಡಿ, ಅವಳು ಶಾಲೆಗೆ ಹೋಗಿದ್ದಾಗ ನೀವೇ ಹೊಸದನ್ನು ಶುರುಮಾಡಿಡಲೂಬೇಡಿ. ಪಕ್ಕದಲ್ಲಿ ಕುಳಿತು, ಆ ಮರಿ ಏನು ತಿನ್ನುತ್ತಿತ್ತು, ಯಾವಾಗ ಮಲಗುತ್ತಿತ್ತು ಎಂದು ಕೇಳಿ. ತಾನು ಮರೆತದ್ದರಿಂದಲೇ ಸತ್ತಿತೆಂದು ಅವಳು ಹೇಳಿದರೆ, ಚೆನ್ನಾಗಿ ನೋಡಿಕೊಂಡ ಮರಿಗೂ ವಯಸ್ಸಾಗಿ ಕೊನೆ ಬರುತ್ತದೆ, ಅದನ್ನು ಹಾಗೆಯೇ ಮಾಡಿದ್ದಾರೆ ಎಂದು ತಿಳಿಸಿ. ಹೊಸ ಮೊಟ್ಟೆ ಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಲಿ, ಗುಂಡಿಯನ್ನೂ ಅವಳೇ ಒತ್ತಲಿ.